ಯಂತ್ರಕ್ಕೊಂದಿಷ್ಟು ಜ್ಞಾಪಕಶಕ್ತಿ

ವಯಸ್ಸಾದಂತೆಲ್ಲ ಮನುಷ್ಯನ ಸ್ಮರಣಶಕ್ತಿ ಕುಗ್ಗುವುದು ಪ್ರಕೃತಿನಿಯಮ. ಗಣಕಯಂತ್ರದ ಸ್ಮರಣಶಕ್ತಿಯಾದರೋ ಎಳ್ಳಷ್ಟೂ ಕುಗ್ಗದೆ ಕೊಂಡ ದಿನ ಇದ್ದಷ್ಟೇ ಇರುವುದಾದರೂ, ಅದರ ಮೇಲೆ ನಾವು ಹೇರುವ ಹೊರೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಗುವುದರಿಂದ, ಅದೂ ನಮ್ಮೊಡನೆಯೇ ಮುಪ್ಪಾಯಿತೆಂಬ ಭ್ರಾಂತಿ ಹುಟ್ಟುತ್ತದೆ. ನಮ್ಮ ಮನೆಯ ಯಂತ್ರದಲ್ಲಿದ್ದದ್ದು 4 ಜಿಬಿ. ಕೊಂಡ ಕಾಲಕ್ಕೆ ಅದು ಧಾರಾಳವೇ. ಈಚೆಗೆ ಮಾತ್ರ, ಮಗಳು ತನ್ನ ಪಾಠದ ಪುಟಗಳನ್ನೂ ಮನೆಯಾಕೆ ತನ್ನ ಧಾರಾವಾಹಿಯನ್ನೂ ನಾನು ನನ್ನ ಲೇಖನವನ್ನೂ ತೆರೆದು, ಯಾರೊಬ್ಬರೂ ಮುಚ್ಚದೆ ಎದ್ದುಹೋಗುವ ಕುಲಾಚಾರದ ಫಲವಾಗಿ, ಅಷ್ಟಾವಧಾನಕ್ಕೆ ಕುಳಿತವನನ್ನು ಶತಾವಧಾನಕ್ಕೆ ದೂಡಿದಂತಾಗಿತ್ತು: ತಲೆಯಲ್ಲಿ ಹಿಡಿಸದುದನ್ನೆಲ್ಲ ಒಳಕೋಣೆಯ ಕಡತದಲ್ಲಿ ಬರೆದಿಟ್ಟು, ಪೃಚ್ಛಕರು ಕೇಳಿದಾಗಲೆಲ್ಲ ಎದ್ದುಹೋಗಿ ನೋಡಿಬಂದು ಉತ್ತರ ಹೇಳುವ ಅವಧಾನಿಯ ಪಾಡು ಅದರದು. ಆ ಕಡತವೆಂದರೆ ಹಾರ್ಡ್ ಡಿಸ್ಕು. ಅದರ ಗರಗರ ಸದ್ದು ನಡುಮನೆಗೂ ಕೇಳುತ್ತಿತ್ತು.

ರಿಪೇರಿಯ ಹುಡುಗ ಬಂದು ನೋಡಿ, “ಹೊಸದೇ ತಗೊಂಡ್ಬಿಡಿ ಸಾರ್” ಎಂದ. ಬುದ್ಧಿ ನೆಟ್ಟಗಿದ್ದು ನೆನಪು ಮಾತ್ರ ಸಾಲದೆಂಬ ಕಾರಣಕ್ಕೆ ಒಂದು ಪ್ರಾಣಿಯನ್ನು ಮನೆಯಿಂದ ಹೊರಗೆ ಹಾಕುವ ಸಂಪ್ರದಾಯ ಪ್ರಾರಂಭವಾದರೆ ಅದು ಎಲ್ಲಿಗೆ ಬಂದು ಮುಟ್ಟೀತೆಂಬ ದೂರಾಲೋಚನೆಯಿಂದ ನಾನು ಒಪ್ಪಲಿಲ್ಲ. ರ್‍ಯಾಮ್ ಹಾಕಿಸುವುದೆಂದು ತೀರ್ಮಾನವಾಯಿತು. “ಅದಕ್ಕೆ ಸಾವಿರಗಟ್ಟಲೆ ಸುರೀರಿ, ನೀವು ಮಾತ್ರ ನಾನು ಮಾಡಿದ ಒಂದೆಲಗದ ತಂಬುಳಿ ಮುಟ್ಟಬೇಡಿ” ಎಂದು ಮನೆಯಾಕೆ ಆಶೀರ್ವದಿಸಿದಳು.

ಬೆಂಗಳೂರಿನಲ್ಲಿ ಇಂಥ ಕಾರ್ಯಗಳಿಗೆ ಎಸ್.ಪಿ. ರಸ್ತೆಯೇ ಗತಿ. ಮೇಜಿಗಿಂತ ತುಸುವೇ ಅಗಲವಾದ ಅಂಗಡಿಯೊಂದರೊಳಗಿಂದ, ನನ್ನ ಮುಖವನ್ನೂ ನೋಡದೆ, “ಅಂಕಲ್, ಡಿಡಿಆರ್ ತ್ರೀನಾ, ಫೋರಾ?” ಎಂಬ ಪ್ರಶ್ನೆ ಬಂತು. ನಾನು ಹಳೆಯ ಪಟ್ಟಿಯನ್ನೇ ಕಳಚಿ ಲಗ್ನಪತ್ರಿಕೆಯ ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆನಾದುದರಿಂದ ಮರುಮಾತಿಲ್ಲದೆ ಅದನ್ನು ಮುಂದೆ ಹಿಡಿದೆ. ಮೂರನೆಯ ತಲೆಮಾರಿನ ಪಟ್ಟಿಗೆ 240 ಸಂಪರ್ಕಬಿಂದುಗಳು, ನಾಲ್ಕನೆಯದಕ್ಕೆ 288. ಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಬಲಾತ್ಕಾರದಿಂದಲೂ ಒಂದರ ಸ್ಥಾನದಲ್ಲಿ ಮತ್ತೊಂದು ಕೂರಲಾರದು.

ಅಂಗೈ ಅಗಲಕ್ಕಿಂತ ತುಸು ಉದ್ದದ ಆ ಹಸಿರು ಪಟ್ಟಿಯೊಳಗೆ ನಡೆಯುವ ವ್ಯವಹಾರ ಮಾತ್ರ ಅದ್ಭುತವಾದುದು. 1966ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಕಲ್ಪಿಸಿದ ಉಪಾಯದಂತೆ, ನೆನಪಿನ ಒಂದೊಂದು ಕಣವೂ ಒಂದೊಂದು ಸೂಕ್ಷ್ಮ ಕೋಶದಲ್ಲಿ ತುಂಬಿಟ್ಟ ವಿದ್ಯುತ್ತು. ಆ ಕೋಶವೋ ಸದಾ ಸೋರುವಂಥದು. ಆದಕಾರಣ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ, ಅದೇ ವಿಷಯವನ್ನು ಅದಕ್ಕೆ ಮತ್ತೆ ಮತ್ತೆ ಜ್ಞಾಪಿಸುತ್ತಿರಬೇಕು. ವಿದ್ಯುತ್ತು ನಿಂತಿತೋ, ಸಮಸ್ತವೂ ವಿಸ್ಮೃತಿ. ಗ್ಯಾಸ್ ಬುಕ್ ಮಾಡಿರೆಂದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳಬೇಕಾಯಿತೆಂದು ನನ್ನ ಮೇಲೆ ದೂರು ಹೊರಿಸುವವರು ಈ ಲೆಕ್ಕವನ್ನು ಪರಾಮರ್ಶಿಸಬೇಕು.

ಪ್ಲಗ್ಗನ್ನು ಕಿತ್ತು, ಮೈಯಲ್ಲಿ ಸ್ಥಾಯೀವಿದ್ಯುತ್ತೇನಾದರೂ ಇದ್ದರೆ ಇಳಿದುಹೋಗಲೆಂದು ಪೆಟ್ಟಿಗೆಯ ಲೋಹವನ್ನು ಭಕ್ತಿಯಿಂದ ಮುಟ್ಟಿ, ಬಣ್ಣ ಮಂಕಾದ ಹಳೆಯ ಪಟ್ಟಿಯ ಚಿನ್ನದ ಹಲ್ಲುಗಳನ್ನು ಮಗಳ ರಬ್ಬರಿನಿಂದ ಉಜ್ಜಿ (ರಿಪೇರಿಯವರ ಅರ್ಧಕ್ಕರ್ಧ ವೈದ್ಯ ಈ ರಬ್ಬರಿನಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಗುಮಾನಿ), ಹೊಸದನ್ನು ಅದರ ಪಕ್ಕದಲ್ಲಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಎರಡೂ ಕೊನೆಯ ಕೊಕ್ಕೆಗಳು ಟಕ್ಕೆಂದು ಕಚ್ಚಿಕೊಂಡವು. ಸರಿಯಾಗಿ ಕೂರದಿದ್ದರೆ ಯಂತ್ರ ಬೀಪ್ ಬೀಪ್ ಎಂದು ಗೋಳಿಡುತ್ತದಂತೆ, ಗೋಳಿಡಲಿಲ್ಲ. ತೆರೆಯ ಮೇಲೆ 8 ಜಿಬಿ ಎಂದು ಮೂಡಿತು.

ಹಾರ್ಡ್ ಡಿಸ್ಕಿನ ಗರಗರ ನಿಂತದ್ದು ನಿಜ. ಕೊಟ್ಟ ದುಡ್ಡಿಗೆ ಮೋಸವಿಲ್ಲವೆಂದೇ ನನ್ನ ಅಭಿಪ್ರಾಯ, ಬ್ರೌಸರೆಂಬ ಬಕಾಸುರ ಆ ಹೊಸ ಜಾಗದ ಬಹುಭಾಗವನ್ನು ವಾರ ತುಂಬುವುದರೊಳಗೆ ಆಕ್ರಮಿಸಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೂ. ಆದರೆ ಹಾಕಿಸಬೇಕೆಂದಿರುವ ವಾಚಕರು ಮೊದಲು ತಮ್ಮ ಯಂತ್ರದ ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿಕೊಳ್ಳತಕ್ಕದ್ದು. ಮನೆಬಳಕೆಯ 32 ಬಿಟ್ಟಿನದಾದರೆ 4 ಜಿಬಿಯ ಮೇಲೆ ಎಷ್ಟು ತಂದು ಹಾಕಿದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಮಾರುವವರು ಇದನ್ನು ತಾವಾಗಿ ಹೇಳುವ ವಾಡಿಕೆಯೂ ಇಲ್ಲ.