ಅಂಟಿಲ್ಲದ ನಂಟು

ನಿವೃತ್ತಿಯಾದ ಮೇಲೆ ನನಗೆ ಹಿಡಿದ ಹೊಸ ಹುಚ್ಚು ಡಿಜಿಟಲ್ ಸ್ಕ್ರಾಪ್‌ಬುಕ್. ಹಿಂದೆಲ್ಲ ಆಲ್ಬಂ ಅಂದರೆ ಕತ್ತರಿ, ಗೋಂದು, ಕಪ್ಪು ಹಾಳೆ. ಕೊನೆಗೆ ಫೋಟೋಗಿಂತ ಬೆರಳಿಗೇ ಹೆಚ್ಚು ಅಂಟು. ಈ ರಗಳೆ ಸಾಕಾಗಿಯೋ ಏನೋ, ಅಮೆರಿಕದ ಹಾಸ್ಯಗಾರ ಮಾರ್ಕ್ ಟ್ವೇನ್ ಮೊದಲೇ ಅಂಟು ಬಳಿದ ಸ್ಕ್ರಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದ. ನೀರು ಸವರಿದರೆ ಆಯಿತು. ನನಗೆ ನೀರೂ ಬೇಡ, ಮೌಸ್ ಸಾಕು.

ಪುಟ 12 ಅಂಗುಲ ಚೌಕ. ಅಚ್ಚು ಚೆನ್ನಾಗಿ ಬರಲು ಅಂಗುಲಕ್ಕೆ 300ರಂತೆ ಒಂದೊಂದು ಬದಿಗೂ 3600 ಪಿಕ್ಸೆಲ್. ಕೆಳಪದರದಲ್ಲಿ ಇಳಕಲ್ ಸೀರೆಯ ಅಂಚು, ಅದರ ಮೇಲೆ ನಮ್ಮ ಮದುವೆ ಫೋಟೋ, ಅದಕ್ಕೂ ಮೇಲೆ ರಿಬ್ಬನ್ನು, ಗುಂಡಿ. ಬಿಸಿಲೇ ಬೀಳದ ಕಡೆ ಎಲ್ಲಕ್ಕೂ ಒಂದೊಂದು ನೆರಳು! ತಪ್ಪಿದರೆ ‘ಅಂಡೂ’ ಒತ್ತಿದರಾಯಿತು.

“ರೀ, ಮೂರು ದಿನದಿಂದ ಒಂದೇ ಪುಟ! ಚಿರೋಟಿಗೂ ಇಷ್ಟು ಪದರ ಇರಲ್ಲ” ಎಂದಳು ಹೆಂಡತಿ. ಪರದೆಯನ್ನು ದಿಟ್ಟಿಸಿ, “ಫೋಟೋದಲ್ಲಿ ನಿಮ್ಮಕ್ಕ ಇದ್ದರಲ್ಲ, ಎಲ್ಲಿ?” ಎಂದಳು.

ನೋಡಿದೆ. ಅಕ್ಕ ರಿಬ್ಬನ್ನಿನ ಕೆಳಗೆ ಅಂತರ್ಧಾನ. ಅಷ್ಟರಲ್ಲಿ ಪುಟ ಮನೆಮಂದಿಯ ವಾಟ್ಸಾಪ್ ಗುಂಪು ಸೇರಿತ್ತು. ಅಕ್ಕ ಮಾತು ಬಿಟ್ಟು ಹದಿನೈದು ದಿನವಾಯಿತು.

ನಂಟಿಗೆ ‘ಅಂಡೂ’ ಇಲ್ಲ, ಸ್ವಾಮಿ!