ಕೈಯಾರೆ ಮಾಡಿದ ವಿ-ಜಾಯಿಂಟ್

ನನ್ನ ಮೇಜಿನ ಮೇಲೊಂದು ವಿ-ಜಾಯಿಂಟ್ ಇದೆ. ಒಂದು ಕಬ್ಬಿಣದ ತುಂಡಿನ ಮೂತಿ ಇನ್ನೊಂದರ ಸಂದಿಗೆ ಗಪ್ಪನೆ ಕೂರುತ್ತದೆ. ಬಿ.ಇ. ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ನನ್ನ ಮಾನ ಉಳಿಸಿದ್ದು ಇದೇ. ಆಗಿನ್ನೂ ವಿಟಿಯು ಹುಟ್ಟಿರಲಿಲ್ಲ, ಅದು 1998ರ ಕೂಸು. ಬೆಳಗಾವಿಯ ನಮಗೆಲ್ಲ ಧಾರವಾಡದ ವಿಶ್ವವಿದ್ಯಾಲಯವೇ ಗತಿ.

ಖಾನಾಪುರದ ಹೈಸ್ಕೂಲೊಂದರಲ್ಲಿ ಕಸುಬಿನ ಮಹಿಮೆ ಕುರಿತು ಭಾಷಣಕ್ಕೆ ಕರೆದಾಗ ಈ ವಿ-ಜಾಯಿಂಟನ್ನು ಕಿಸೆಗಿಳಿಸಿ ಹೊರಟೆ. ಟಿಳಕವಾಡಿ ದಾಟಿದರೆ ಉದ್ಯಮಬಾಗ: ಫೌಂಡ್ರಿ, ಲೇತು, ಕಬ್ಬಿಣದ ಕಿರುಚಾಟ. ಯಾಕೋ ಆ ಕಡೆ ಕತ್ತು ತಿರುಗಿಸಲಿಲ್ಲ.

ಎಸ್ಸೆಸ್ಸೆಲ್ಸಿ ಮಕ್ಕಳ ಮುಂದೆ ಏಣಿಯನ್ನೇ ನಿಲ್ಲಿಸಿದೆ: ಎರಡು ವರ್ಷ ಐಟಿಐ ಫಿಟ್ಟರ್, ಅಲ್ಲಿಂದ ನೇರ ಡಿಪ್ಲೊಮಾ ಎರಡನೇ ವರ್ಷ, ಅಲ್ಲಿಂದ ನೇರ ಬಿ.ಇ. ಎರಡನೇ ವರ್ಷ. "ಐಟಿಐಗೆ ಯಾರ್‍ಯಾರು ಹೋಗ್ತೀರಿ?"

ಸಭೆ ತಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬನ ಕೈಯನ್ನು ಗೆಳೆಯರೇ ಎತ್ತಿ ಹಿಡಿದರು. "ಇಂವಾ ರೀ ಸರ್! ಗಣಿತದಾಗ ನಪಾಸ್ ಆಗ್ಯಾನ."

ಕುಂಬಾರಿಕೆ ಕಲಿಸಲು ಖಾದಿ ಆಯೋಗದ ಸಂಸ್ಥೆಯೇ ಇರುವ ಊರಿದು ಎಂದು ನೆನಪಿಸಿದೆ. ಹುಡುಗಿಯೊಬ್ಬಳು ಎದ್ದಳು. "ನಮ್ಮಜ್ಜ ಗಡಿಗಿ ಮಾಡ್ತಾನ್ರಿ. ಅವಗ ಶಾಲ್ ಹಾಕ್ತಾರ, ನಮ್ಮಣ್ಣಗ ಕನ್ಯಾ ಕೊಡೂದಿಲ್ಲ."

ಇದಕ್ಕೆ ನನ್ನ ಚೀಟಿಯಲ್ಲಿ ಉತ್ತರವಿರಲಿಲ್ಲ. ಇಂಥ ಹೊತ್ತಿಗೆಂದೇ ತಂದಿದ್ದ ಅಸ್ತ್ರ ತೆಗೆದೆ. "ನೋಡ್ರಿ, ಅರ ಹಿಡಿದು, ಬೊಬ್ಬೆ ಎದ್ದರೂ ಬಿಡದೆ, ನನ್ನ ಕೈಯಾರೆ ಮಾಡಿದ್ದು!"

ಚಪ್ಪಾಳೆ. ತುಂಡು ಬೆಂಚಿನಿಂದ ಬೆಂಚಿಗೆ ಸಾಗಿ ಆ ನಪಾಸು ಹುಡುಗನ ಕೈಸೇರಿತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ಉಗುರಿನಿಂದ ಗೀರಿದ, ಜೋಡಿಸಿದ, ಬಿಡಿಸಿದ. ಮಾಸ್ತರು ನನ್ನ ಉತ್ತರಪತ್ರಿಕೆಯನ್ನೂ ಇಷ್ಟು ಹೊತ್ತು ನೋಡಿದ್ದಿಲ್ಲ.

"ಸರ್, ಇದು ಅರ ಹೊಡದಿದ್ದಲ್ರಿ. ಮಿಲ್ಲಿಂಗ್ ಮಷಿನ್ದಾಗ ಕಟ್ ಮಾಡ್ಯಾರ. ಗೆರಿ ನೋಡ್ರಿ, ಎಲ್ಲಾ ಒಂದ ಕಡೆ ಅದಾವು. ಸೂಟಿಗೆ ಉದ್ಯಮಬಾಗದಾಗ ಮಾವನ ಶಾಪಿಗೆ ಹೋಗ್ತೀನ್ರಿ ನಾ."

ಹೆಡ್‌ಮಾಸ್ತರು ಕೆಮ್ಮಿದರು. ನಾನು ನೀರು ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿದೆ.

ಗೇಟಿನ ಬಳಿ ಅವನೇ ಓಡಿಬಂದು ತುಂಡು ಕೈಗಿಟ್ಟ. ದನಿ ತಗ್ಗಿಸಿ ಕೇಳಿದ: "ಎಷ್ಟ್ ತಗೊಂಡ್ರು ಸರ್, ಆವಾಗ?"

"ನಲವತ್ತು ರೂಪಾಯಿ," ಅಂದೆ.

"ಭಾಳ ಆತ್ರಿ," ಅಂದ ಹುಡುಗ, ನಿಜವಾದ ಮರುಕದಿಂದ.