ರೆಸ್ಟ್ ತಗೋ ಎನಿಸಿಕೊಂಡವಳು

ಸೇಲಂನ ದೇವಾಂಗ ಕೇರಿಗಳಲ್ಲಿ ಆಕೆಯನ್ನು ಗುರುತಿಸುವುದು ಕಷ್ಟವಲ್ಲ. ಮುಂದೆ ಎಂಟು ತಿಂಗಳ ಹೊಟ್ಟೆ, ಸೊಂಟದ ಮೇಲೆ ಒಂದೂಮುಕ್ಕಾಲು ವರ್ಷದ ಪೋರ, ಕೈಯಲ್ಲಿ ಅವನದೇ ಒಂದು ಚಪ್ಪಲಿ. ಇನ್ನೊಂದು ಎಲ್ಲಿ ಬಿತ್ತೆಂದು ಹಿಂತಿರುಗಿ ಹುಡುಕುವ ಉಮೇದು ಆಕೆಗಿಲ್ಲ. ಬಗ್ಗಿ ಎತ್ತುವವರು ಯಾರು? ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಎರಡರಲ್ಲೂ ಆಕೆ ದಿನವಿಡೀ ಕೇಳುವ ಮಾತು ಒಂದೇ: “ಚೆನ್ನಾಗಿ ರೆಸ್ಟ್ ತಗೋಮ್ಮ.”

ಹಾಗೆಂದವರು ಯಾರೂ ಪೋರನನ್ನು ಎತ್ತಿಕೊಂಡು ಹೋಗುವುದಿಲ್ಲ.

ಮೊದಲ ಬಸಿರಿನ ಗತ್ತೇ ಬೇರೆ ಇತ್ತು. ವಳೈಕಾಪ್ಪು, ಮೊಣಕೈವರೆಗೆ ಗಾಜಿನ ಬಳೆ, ಪುಳಿಯೋಗರೆ, ಚಿತ್ರಾನ್ನ, ಮೊಸರನ್ನ, ಆಮೇಲೆ ತವರಿಗೆ ಪಯಣ. ಎರಡನೆಯದರ ಹೊತ್ತಿಗೆ ಸಂಪ್ರದಾಯ ಕೈತೊಳೆದುಕೊಂಡಿದೆ. “ಒಂದು ಹೆತ್ತಾಯ್ತಲ್ಲ, ಎಲ್ಲಾ ಗೊತ್ತಿರುತ್ತೆ” ಎನ್ನುತ್ತಾರೆ ಅತ್ತೆ. ಗೊತ್ತಿದೆ, ಗೊತ್ತಿರುವುದೇ ತಾಪತ್ರಯ.

ಸರ್ಕಾರ ಮಾತ್ರ ಎರಡನೇ ಹೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು 2018ರಲ್ಲಿ 18,000 ರೂಪಾಯಿಗೆ ಏರಿತು. ಅದರಲ್ಲಿ 4,000 ರೂಪಾಯಿಯಷ್ಟು ಪೌಷ್ಟಿಕ ಪೆಟ್ಟಿಗೆಗಳ ರೂಪದಲ್ಲಿ ಬರುತ್ತದೆ. ಪೆಟ್ಟಿಗೆ ಹೊಸ್ತಿಲು ದಾಟಿದ್ದೇ ತಡ, ಖರ್ಜೂರ ಪೋರನ ಬಾಯಿಗೆ, ಆವಿನ್ ತುಪ್ಪ ಮಾವನ ಪೊಂಗಲ್ಲಿಗೆ, ಹೆಲ್ತ್ ಮಿಕ್ಸ್ ಅತ್ತೆಯ ಮಂಡಿನೋವಿಗೆ. ಕಬ್ಬಿಣದ ಟಾನಿಕ್ಕಿಗೆ ಮಾತ್ರ ಪಾಲುದಾರರಿಲ್ಲ. ಅದು ಪೂರ್ತಿ ಆಕೆಯದೇ.

ಜೊತೆಗೆ ಕಬ್ಬಿಣದ ಗುಳಿಗೆಯೂ ಇದೆ. ಅದನ್ನು ಆಕೆ ಕಾಫಿಯಲ್ಲಿ ನುಂಗುತ್ತಾಳೆಂದು ನರ್ಸಮ್ಮನಿಗೆ ಸಿಟ್ಟು. ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕವಾದರೆ ಹತ್ತುತ್ತದೆ, ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ. ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಆದರೆ ಕಾಫಿ ಇಲ್ಲದೆ ಬೆಳಗ್ಗೆ ಕಣ್ಣು ಬಿಡುವುದು ಹೇಗೆಂದು ನರ್ಸಮ್ಮ ಹೇಳಿಕೊಟ್ಟಿಲ್ಲ. ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿದೆ, ಹೃದಯಕ್ಕೆ ಓವರ್‌ಟೈಮು. ಗರ್ಭ ಮೇಲಕ್ಕೊತ್ತಿ ಉಸಿರು ಗಿಡ್ಡ, ಕೆಳಕ್ಕೊತ್ತಿ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಮರಳಿ ಬಂದು ಎಡಮಗ್ಗುಲಾದರೆ ಒಳಗಿನ ಕೂಸು ಒದೆಯುತ್ತದೆ, ಹೊರಗಿನದು ತಿರುಗಿ ಒದೆಯುತ್ತದೆ.

ಅಂಗನವಾಡಿಗೆ ಬಿಡೋಣವೆಂದರೆ ಅಲ್ಲಿ ಎರಡು ತುಂಬಬೇಕು. ಪೋರನಿಗೆ ಇನ್ನೂ ಮೂರು ತಿಂಗಳು ಬಾಕಿ, ಹೆರಿಗೆಗೆ ಒಂದೇ ತಿಂಗಳು.

ಹೀಗಾಗಿ ಆಕೆ ಮಲಗಿಕೊಂಡೇ ಆಡುವ ಆಟಗಳಲ್ಲಿ ಪಂಡಿತೆಯಾಗಿದ್ದಾಳೆ. ಎಲ್ಲಕ್ಕಿಂತ ಮೇಲು ಡಾಕ್ಟರ್ ಆಟ. ಪೋರನೇ ಡಾಕ್ಟರ್, ಆಕೆ ಪೇಷೆಂಟು. ಪೇಷೆಂಟು ಕಣ್ಣು ತೆರೆಯಬಾರದು, ಇದು ಆಸ್ಪತ್ರೆಯ ಕಟ್ಟುನಿಟ್ಟಿನ ಕಾನೂನು. ಡಾಕ್ಟರು ಹೊಟ್ಟೆಯ ಮೇಲೆ ನೂಲಿನ ಖಾಲಿ ಕೋನ್ ಇಟ್ಟು ಕಿವಿಗೊಡುತ್ತಾನೆ, ಮೂಗಿಗೆ ಇಂಜೆಕ್ಷನ್ ಚುಚ್ಚುತ್ತಾನೆ, ಬಾಯಿಗೆ ಔಷಧಿಯೆಂದು ಪ್ರೋಟೀನ್ ಬಿಸ್ಕತ್ತಿನ ಪುಡಿ ಹಾಕುತ್ತಾನೆ. ಹಾಗೆ ಸಿಕ್ಕುವ ನಾಲ್ಕು ನಿಮಿಷದ ನಿದ್ದೆಯನ್ನು ಆಕೆ ಯಾವ ಪಟ್ಟೆ ಸೀರೆಗೂ ಬಿಟ್ಟುಕೊಡಳು. ಎರಡನೇ ಆಟ, ಬೆನ್ನೇ ರಸ್ತೆ. ಪೋರ ಅಮ್ಮನ ಬೆನ್ನ ಮೇಲೆ ಆಟಿಕೆ ಲಾರಿ ಓಡಿಸುತ್ತಾನೆ. ಆಕೆಗೆ ಪುಕ್ಕಟೆ ಮಾಲೀಸು.

ಮಧ್ಯಾಹ್ನ ಪಕ್ಕದ ಮನೆಯ ಪವರ್‌ಲೂಮು ಟಕಟಕ ಬಡಿಯುವಾಗ ಪೋರ ಗಾಢವಾಗಿ ಮಲಗುತ್ತಾನೆ. ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿ ಏಳುತ್ತಾನೆ. ಸದ್ದಿಗಲ್ಲ, ನಿಶ್ಶಬ್ದಕ್ಕೆ ಏಳುವ ಮಕ್ಕಳು ನೇಕಾರರ ಕೇರಿಯಲ್ಲೇ ಸಿಗಬೇಕು. ವಿದ್ಯುತ್ ಮಂಡಳಿಗೆ ಆಕೆಯಷ್ಟು ಶಾಪ ಹಾಕಿದ ಗ್ರಾಹಕರು ಇರಲಾರರು.

ಗಂಡ ಸಹಾಯ ಮಾಡುವುದಿಲ್ಲ ಎನ್ನುವಂತಿಲ್ಲ. ರಾತ್ರಿ ಒಂಬತ್ತಕ್ಕೆ ಮಗ್ಗ ಬಿಟ್ಟು ಬಂದು, ಪೋರ ತೂಕಡಿಸುವ ಹೊತ್ತಿಗೆ ಸರಿಯಾಗಿ ಅವನನ್ನು ಮೇಲಕ್ಕೆ ತೂರಿ ಹಿಡಿದು ಕೇಕೆ ಹಾಕಿಸುತ್ತಾನೆ. ಆ ಹುರುಪು ಇಳಿಯುವಾಗ ಹನ್ನೊಂದು. ಪಾಪ, ಹೆಂಡತಿಯ ಬಯಕೆಗೆಂದು ಸೇಲಂನ ಪ್ರಸಿದ್ಧ ತಟ್ಟುವಡೆ ಸೆಟ್ಟನ್ನೂ ತರುತ್ತಾನೆ. ಖಾರದ್ದೇ ಇರಲಿ ಎಂದು ಆಕೆಯೇ ಹೇಳಿ ಕಳಿಸಿರುತ್ತಾಳೆ. ಪೋರ ಪಾಲು ಕೇಳದ ತಿಂಡಿ ಅದೊಂದೇ.

ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆ ಕೊಟ್ಟಿರುವ ಅಕ್ಕನ ಪಾಡು ಕೊಂಚ ವಾಸಿ. ಅಲ್ಲಿ ರಾಗಿ ಕಳಿ ತೊಳಸುವ ಕೆಲಸ ಉಂಟು ನಿಜ, ಆದರೆ ಅಂಗಳವೂ ಉಂಟು, ಅಟ್ಟಾಡಿಸಲು ಕೋಳಿಯೂ ಉಂಟು.

ಎಲ್ಲ ಸುಸ್ತನ್ನೂ ನಕ್ಕು ತಳ್ಳಿಹಾಕುವಂತಿಲ್ಲ ಎನ್ನುವುದು ಬೇರೆ ಮಾತು. ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ಅದು ರಕ್ತಹೀನತೆ, ಚಿಕಿತ್ಸೆ ಬೇಕು. ಬಿಡದ ತಲೆನೋವು, ಮುಖದ ಊತ, ಒಳಗಿನ ಒದೆತ ಕಡಿಮೆಯಾಗುವುದು, ಇವಕ್ಕೆ ಡಾಕ್ಟರ್ ಆಟ ಸಾಲದು, 108ಕ್ಕೆ ಫೋನ್ ಮಾಡಬೇಕು.

ನೀವು ಆಕೆಯ ಮನೆಗೆ ಹೋಗುವವರಾದರೆ ದಯವಿಟ್ಟು ಖರ್ಜೂರ ಒಯ್ಯಬೇಡಿ, ಬುದ್ಧಿಮಾತಂತೂ ಬೇಡವೇ ಬೇಡ. ಪೋರನ ಎರಡೂ ಚಪ್ಪಲಿ ಹುಡುಕಿ ತೊಡಿಸಿ, ಎರಡು ಗಂಟೆ ಊರು ಸುತ್ತಿಸಿ ತನ್ನಿ. ಸಾಧಾರಣ ಟೌನ್ ಬಸ್ಸಿನಲ್ಲಿ 2021ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಪೋರನಿಗೂ ಇಲ್ಲ.